ಬ್ಯಾಟರಿ ಬದಲಿಸುವ ಮೊದಲು ಅಳೆದು ನೋಡಿ

ಕಳೆದ ಆಷಾಢದ ಒಂದು ರಾತ್ರಿ ಹಾಸನದಿಂದ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಹಿಂದಿರುಗುತ್ತಿದ್ದಾಗ, ಸುರಿಯುವ ಮಳೆಯಲ್ಲಿ ನಮ್ಮ 11 ವರ್ಷ ಹಳೆಯ ಡೀಸೆಲ್ ಕಾರಿನ ಹೆಡ್‌ಲೈಟ್ ಮಂಕಾಗುತ್ತಾ ಬಂದಿತು. ವೈಪರ್ ಕೂಡ ನಿಧಾನವಾಯಿತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಮಾತ್ರ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದಷ್ಟೇ ಕೇಳಿಸಿತು, ಸೆಲ್ಫ್ ತಿರುಗಲಿಲ್ಲ. ಬ್ಯಾಟರಿ ಅಂಗಡಿಯವರು ಬಂದು ನೋಡಿ, ಮೂರು ವರ್ಷ ಆಗಿದೆಯಲ್ಲ, ಇದರ ಆಯಸ್ಸು ಮುಗಿದಿದೆ ಎಂದರು. ನಾನು ಮರುಮಾತಾಡದೆ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ಹಾಕಿಸಿಕೊಂಡೆ.

ಹನ್ನೆರಡನೆಯ ದಿನ ಹೊಸ ಬ್ಯಾಟರಿಯೂ ಡೌನ್ ಆಯಿತು. ಈ ಸಲ ಗ್ಯಾರೇಜಿನವರು, "ಸಾರ್, ಡೈನಮೋನೇ ಹೋಗಿದೆ, ಬದಲಾಯಿಸಿಬಿಡಿ" ಎಂದರು. ಎಂಜಿನ್ ಓಡುವಾಗ ವಿದ್ಯುತ್ತು ಹುಟ್ಟಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರನ್ನು ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ. ಅದಕ್ಕೆ ಒಪ್ಪುವ ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡು ತಂದು ನಾನೇ ಅಳೆಯಲು ಕುಳಿತೆ.

ಹನ್ನೆರಡು ವೋಲ್ಟ್ ಬ್ಯಾಟರಿ ಎಂದು ಕರೆದರೂ, ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು. 12.2 ಎಂದರೆ ಸುಮಾರು ಅರ್ಧ ಖಾಲಿ, 12ಕ್ಕಿಂತ ಕೆಳಗಿಳಿದರೆ ಹೆಚ್ಚುಕಡಿಮೆ ಬರಿದು. ಸೆಲ್ಫ್ ಹೊಡೆಯುವ ಆ ಕ್ಷಣದಲ್ಲಿ 9.6 ವೋಲ್ಟ್‌ಗಿಂತ ಕೆಳಗೆ ಕುಸಿಯಬಾರದು. ಆದರೆ ಈ ಪರೀಕ್ಷೆಯನ್ನು ಚಾರ್ಜ್ ತುಂಬಿದ ಬ್ಯಾಟರಿಯ ಮೇಲೆ ಮಾಡಿದರೆ ಮಾತ್ರ ಅರ್ಥವಿದೆ. ಖಾಲಿಯಾದ ಬ್ಯಾಟರಿಯನ್ನು ಕೆಟ್ಟ ಬ್ಯಾಟರಿ ಎಂದು ತೀರ್ಮಾನಿಸುವ ತಪ್ಪು ನಡೆಯುವುದೇ ಇಲ್ಲಿ.

ಜಂಪರ್ ಕೇಬಲ್ಲಿನಿಂದ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡೀಫಾಗರ್ ಎಲ್ಲವನ್ನೂ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಮಗನಿಗೆ ಹೇಳಿ ನೋಡಿದೆ. ಬ್ಯಾಟರಿಯ ಟರ್ಮಿನಲ್‌ಗಳಲ್ಲಿ 12.6 ವೋಲ್ಟ್ ಇತ್ತು. ಚಾರ್ಜಿಂಗ್ ಸರಿಯಿದ್ದರೆ ಅಲ್ಲಿ 13.8ರಿಂದ 14.5ರವರೆಗೆ ಇರಬೇಕಿತ್ತು. (ತೀರಾ ಈಚಿನ ಕೆಲವು ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ಏರಿಳಿಸುವುದರಿಂದ ಈ ಅಳತೆ ಹಾಗೆಯೇ ಅನ್ವಯಿಸುವುದಿಲ್ಲ.) ಇಷ್ಟಕ್ಕೇ ನಿಲ್ಲಿಸಿದ್ದರೆ ಡೈನಮೋ ಹೋಗಿದೆ ಎಂಬ ಮಾತನ್ನು ನಾನೂ ನಂಬುತ್ತಿದ್ದೆ. ಆದರೆ ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ಹಿಂಬದಿಯ ದಪ್ಪ ಸ್ಟಡ್ಡಿಗೂ (ವಿದ್ಯುತ್ತು ಹೊರಬರುವ ಬೋಲ್ಟ್) ಕಪ್ಪು ಕಡ್ಡಿಯನ್ನು ಅದರ ಮೈಗೂ ತಾಗಿಸಿದಾಗ 14.2 ವೋಲ್ಟ್ ಕಾಣಿಸಿತು. ಆಲ್ಟರ್ನೇಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿತ್ತು, 1.6 ವೋಲ್ಟ್ ದಾರಿಯಲ್ಲಿ ಕಳೆದುಹೋಗುತ್ತಿತ್ತು.

ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಹುಡುಕುವ ಕ್ರಮ ನನಗೆ ಬಹಳ ಇಷ್ಟವಾಯಿತು. ಎಂಜಿನ್ ಓಡುತ್ತಿರುವಾಗಲೇ, ಲೈಟ್, ಬ್ಲೋವರ್‌ಗಳ ಲೋಡ್ ಇಟ್ಟುಕೊಂಡೇ, ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದೆ: ಇವೆರಡರ ನಡುವಿನ ನಷ್ಟ 0.1 ವೋಲ್ಟ್. ಅರ್ತ್, ಅಂದರೆ ವಿದ್ಯುತ್ತು ಹಿಂದಿರುಗುವ ನೆಗೆಟಿವ್ ಕಡೆಯ ದಾರಿ, ಸರಿಯಿದೆ ಎಂದಾಯಿತು. ಬಳಿಕ ಸ್ಟಡ್ಡಿನಿಂದ ಬ್ಯಾಟರಿಯ ಪಾಸಿಟಿವ್‌ಗೆ ಹಿಡಿದಾಗ 1.5 ವೋಲ್ಟ್. ಒಳ್ಳೆಯ ಜೋಡಣೆಯಲ್ಲಿ ಇದು 0.2 ದಾಟುವುದಿಲ್ಲ. ಎಂಜಿನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಸ್ಟಡ್ಡಿನ ರಬ್ಬರ್ ಟೋಪಿ ಸರಿಸಿದೆ. ವೈರಿನ ತುದಿಯ ಉಂಗುರ ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಅದರ ಕತ್ತಿನಲ್ಲಿ ತಾಮ್ರದ ಎಳೆಗಳು ಹಸಿರು ಹುಡಿಯಾಗಿದ್ದವು, ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ ಕಂದಿ ಗಟ್ಟಿಯಾಗಿತ್ತು. 40 ಆಂಪಿಯರ್ ಹರಿಯುವಾಗ 1.5 ವೋಲ್ಟ್ ನಷ್ಟವಾದರೆ, ಅಷ್ಟು ಚಿಕ್ಕ ಜಾಗದಲ್ಲಿ 60 ವ್ಯಾಟ್ ಶಾಖ ಹುಟ್ಟುತ್ತದೆ. ಮಲೆನಾಡಿನ ತೇವ ತಿಂಗಳುಗಟ್ಟಲೆ ವೈರಿನೊಳಗೆ ಕೂತರೆ ಹೀಗಾಗುವುದು ಸಹಜವೇ. ಕೆಂಪು ದೀಪ ಹತ್ತದಿದ್ದುದಕ್ಕೂ ಇದೇ ಉತ್ತರ: ನಮ್ಮ ಕಾರಿನಲ್ಲಿ ಆ ದೀಪ ನೋಡುವುದು ಆಲ್ಟರ್ನೇಟರ್ ವಿದ್ಯುತ್ತು ಹುಟ್ಟಿಸುತ್ತಿದೆಯೇ ಎಂಬುದನ್ನು, ಅದು ಬ್ಯಾಟರಿಗೆ ತಲುಪಿತೇ ಎಂಬುದನ್ನಲ್ಲ.

ಸ್ಟಡ್ಡಿನಲ್ಲೇ ವೋಲ್ಟೇಜ್ ಕಡಿಮೆಯಿದ್ದರೆ ಬೆಲ್ಟ್ ಸಡಿಲವೇ, ಕಾರ್ಬನ್ ಬ್ರಷ್ ಸವೆದಿದೆಯೇ, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಅಥವಾ ಒಳಗಿನ ಡಯೋಡ್ ಹೋಗಿದೆಯೇ ಎಂದು ನೋಡಬೇಕು. 15 ವೋಲ್ಟ್ ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದೇ ತಿಳಿದು ಗಾಡಿ ಓಡಿಸುವುದನ್ನು ನಿಲ್ಲಿಸಬೇಕು, ಏಕೆಂದರೆ ಬ್ಯಾಟರಿ ಕುದಿಯತೊಡಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಳಚಿ, ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿಯಿದೆ ಎನ್ನುವ ಹಳೆಯ ಪರೀಕ್ಷೆಯನ್ನು ದಯವಿಟ್ಟು ಯಾರೂ ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಆ ಕ್ಷಣದಲ್ಲಿ ಚಿಮ್ಮುವ ವೋಲ್ಟೇಜ್ ಡಯೋಡುಗಳನ್ನೂ ಎಂಜಿನ್ನಿನ ಕಂಪ್ಯೂಟರನ್ನೂ ಸುಟ್ಟುಬಿಡಬಲ್ಲದು.

ಕೊಳೆತ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ವೈರ್ ಸುಲಿದು, ಹೊಸ ಲಗ್ (ತುದಿಯ ಉಂಗುರ) ಒತ್ತಿಸಿ, ಮೇಲೆ ಗ್ರೀಸ್ ಸವರಿದೆವು. ಹೊರಗಿನ ಚಾರ್ಜರಿನಲ್ಲಿ ಬ್ಯಾಟರಿಯನ್ನು ರಾತ್ರಿಯಿಡೀ ತುಂಬಿಸಿ, ಬೆಳಿಗ್ಗೆ ಅದೇ ಲೋಡ್ ಹಾಕಿ ನೋಡಿದಾಗ ಟರ್ಮಿನಲ್‌ಗಳಲ್ಲಿ 14 ವೋಲ್ಟ್ ನಿಂತಿತ್ತು. ಎಕ್ಸ್‌ಚೇಂಜಿಗೆ ಕೊಟ್ಟ ಆ ಹಳೆಯ ಬ್ಯಾಟರಿಯನ್ನೂ ಹೀಗೆಯೇ ಒಂದು ರಾತ್ರಿ ಚಾರ್ಜಿಗಿಟ್ಟು ನೋಡಬೇಕಿತ್ತು ಎಂಬ ಕೊರಗು ನನಗೆ ಇನ್ನೂ ಇದೆ.