ನಿನ್ನೆ ಕೇಳಿದ್ದಕ್ಕೆ ಇವತ್ತು ಉತ್ತರ

“ಮೊದಲು ಮಾತು ತುಂಡು ತುಂಡಾಗಿ ಬರುತ್ತಿತ್ತು. ಈಗ ನಿನ್ನೆ ಕೇಳಿದ್ದಕ್ಕೆ ಇವತ್ತು ಉತ್ತರ ಬರುತ್ತಿದೆ. ಇದನ್ನು ರಿಪೇರಿ ಎನ್ನುತ್ತೀರಾ?”

ಮಂಗಳವಾರ ಸಂಜೆ ಲೆಕ್ಕಪತ್ರ ವಿಭಾಗದ ಮೇಡಂ ಇಂಟರ್ನೆಟ್ ಕರೆ ಮುಗಿಸಿ, ಹೆಡ್‌ಫೋನ್ ಕಳಚಿಟ್ಟು ಹೀಗೆ ಕೇಳಿದರು. ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವ ನಾನು ತಲೆ ಕೆರೆದುಕೊಂಡೆ.

ನಮ್ಮ ಕಚೇರಿಯ ಅಪ್‌ಲೋಡ್, ಅಂದರೆ ಹೊರಕ್ಕೆ ಕಳಿಸುವ ವೇಗ, 10 ಎಂಬಿಪಿಎಸ್ (ಸೆಕೆಂಡಿಗೆ ಒಂದು ಕೋಟಿ ಬಿಟ್). ಸಂಜೆ ಬ್ಯಾಕಪ್ ಶುರುವಾದರೆ ರೌಟರಿನಲ್ಲಿ ಹೊರಹೋಗಲು ಕಾಯುವ 100 ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ಸರದಿ ತುಂಬಿ, ಆಮೇಲೆ ಬಂದವೆಲ್ಲ ಬಿದ್ದುಹೋಗುತ್ತಿದ್ದವು. “ಬೀಳುತ್ತಿದ್ದರೆ ಜಾಗ ಹೆಚ್ಚು ಮಾಡಿ” ಎಂದರು ಮ್ಯಾನೇಜರ್. ಕಡತ ಹೆಚ್ಚಾದರೆ ಹೊಸ ಬೀರು ತರಿಸುವ ಮನುಷ್ಯ. ಜಾಗ ಹೆಚ್ಚಿದರೆ ಕಾಯುವಿಕೆಯೂ ಹೆಚ್ಚುತ್ತದೆಂದು ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಆದರೂ ಸರದಿಯನ್ನು 2000 ಮಾಡಿದೆ. 1500 ಬೈಟ್‌ನ ಅಷ್ಟು ಪ್ಯಾಕೆಟ್ ಹೊರಹೋಗಲು 2.4 ಸೆಕೆಂಡ್ ಬೇಕು. ನಷ್ಟ ಸೊನ್ನೆಯಾಯಿತು, ಮೇಡಂ ಹೇಳಿದ ‘ನಿನ್ನೆ’ ಹುಟ್ಟಿಕೊಂಡಿತು. ಒಂದೂ ಬೀಳದಿದ್ದರೆ ಕಳಿಸುವ ಯಂತ್ರಕ್ಕೆ ವೇಗ ತಗ್ಗಿಸಬೇಕೆಂದು ತಿಳಿಯುವುದಾದರೂ ಹೇಗೆ?

ಬುಧವಾರ ರೌಟರಿನಿಂದ ಹೊರಹೋಗುವ ವೇಗವನ್ನು 9 ಎಂಬಿಪಿಎಸ್‌ಗೆ ಕಟ್ಟಿದೆ. ಸರದಿ ರೌಟರಿನಾಚೆಯ ಮೋಡೆಮ್‌ನಲ್ಲಿ ಬೆಳೆಯದೆ ನಮ್ಮ ಕೈಯಲ್ಲೇ ಇರಲಿ ಎಂದು. ಅದರಡಿ ಸರದಿ ನಿಭಾಯಿಸುವ ಎಫ್‌ಕ್ಯೂ-ಕೋಡೆಲ್ ಎಂಬ ವಿಧಾನ ಹಾಕಿದೆ. ಕೋಡೆಲ್ ಅನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಅದು ಸರದಿಯ ಉದ್ದ ಅಳೆಯುವುದಿಲ್ಲ, ಕಾದ ಹೊತ್ತನ್ನು ಅಳೆಯುತ್ತದೆ. 100 ಮಿಲಿಸೆಕೆಂಡಿನುದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಸರದಿಯ ಮುಂದಿನಿಂದಲೇ ಒಂದನ್ನು ಬೀಳಿಸುತ್ತದೆ. ಕಳಿಸುವವನಿಗೆ ಸುದ್ದಿ ಬೇಗ ಮುಟ್ಟುತ್ತದೆ. ‘ಎಫ್‌ಕ್ಯೂ’ ಭಾಗ ಒಂದೊಂದು ಹರಿವಿಗೂ (ಕರೆಗೊಂದು, ಬ್ಯಾಕಪ್‌ಗೊಂದು) ಬೇರೆ ಸಾಲು ಕೊಡುವುದರಿಂದ ಮೇಡಂ ಅವರ ಪುಟ್ಟ ಧ್ವನಿ ಪ್ಯಾಕೆಟ್ ಬ್ಯಾಕಪ್‌ನ ಬೆನ್ನ ಹಿಂದೆ ನಿಲ್ಲಬೇಕಿಲ್ಲ.

“ಇನ್ನೂ ಬೀಳುತ್ತಿದೆಯಲ್ಲ!” ಮ್ಯಾನೇಜರ್ ಪರದೆಗೆ ಬೆರಳಿಟ್ಟರು. ಬೀಳುತ್ತಿತ್ತು, ಮೊದಲಿಗಿಂತ ತೀರಾ ಕಡಿಮೆ. ಬಿದ್ದದ್ದು ಬ್ಯಾಕಪ್‌ನದು, ಅದು ಮತ್ತೆ ಕಳಿಸಿಕೊಳ್ಳುತ್ತದೆ. ಕರೆಯ ಲೆಕ್ಕದಲ್ಲಿ ನಷ್ಟ ಸೊನ್ನೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಮೇಡಂ ಮಾತ್ರ ಹೆಡ್‌ಫೋನ್ ತೆಗೆಯದೆಯೇ ನನ್ನತ್ತ ತಲೆಯಾಡಿಸಿದರು.

ಆದರೂ ‘ನಿನ್ನೆ ಕೇಳಿದ್ದಕ್ಕೆ ಇವತ್ತು’ ಎಂಬ ಮಾತು ಕಿವಿಯಲ್ಲೇ ಇದೆ. ಮನೆಗೆ ಬಂದು ಟಿಪ್ಪಣಿ ಪುಸ್ತಕ ತೆರೆದೆ. ಅವರು ಮೊದಲ ಸಲ ದೂರಿದ್ದು ಮೂರು ವಾರದ ಹಿಂದೆ. “ನೋಡುತ್ತೇನೆ ಮೇಡಂ” ಎಂದಿದ್ದೆ. ಅದಕ್ಕಿಂತ ಮುಂಚಿನ ಹದಿನೇಳು ‘ನೋಡುತ್ತೇನೆ’ಗಳು ಹಾಗೆಯೇ ಇವೆ. ಅಂದೇ “ಈ ವಾರ ಆಗುವುದಿಲ್ಲ” ಎಂದಿದ್ದರೆ ಅವರು ಕರೆಗಳನ್ನು ಬೆಳಿಗ್ಗೆಗೆ ಹಾಕಿಕೊಳ್ಳುತ್ತಿದ್ದರು.