ಯಡಕುಮರಿ ಘಾಟಿ, 1:87 ಅಳತೆಯಲ್ಲಿ: ಒಂದು ಮಳೆಗಾಲದ ಕೆಲಸದ ದಿನಚರಿ

ಜೂನ್ 8, ಭಾನುವಾರ

ಆರನೇ ಹಲಗೆ ಇವತ್ತು ಬಂತು. ಬಡಗಿ ಆಚಾರ್ರು ಬೆಳಿಗ್ಗೆ ಎಂಟಕ್ಕೆಲ್ಲ ಗೂಡ್ಸ್ ಆಟೋದಲ್ಲಿ ತಂದು, ಯಾರನ್ನೂ ಕಾಯದೆ ಒಬ್ಬರೇ ಮೂರನೇ ಮಹಡಿಗೆ ಹೊತ್ತುಕೊಂಡು ಬಂದಿದ್ದಾರೆ. ಮಲ್ಲೇಶ್ವರದಲ್ಲಿ ಮೇಷ್ಟ್ರ ಮನೆಯ ತಾರಸಿ ಮೇಲಿನ ಕೋಣೆ ನಮ್ಮ ಮಾದರಿ ರೈಲಿನ ಕಾರ್ಖಾನೆ. ಹಲಗೆ ಅಂದರೆ ಮಾಡ್ಯೂಲ್: 4 ಅಡಿ ಉದ್ದ, 2 ಅಡಿ ಅಗಲ, 12 ಎಂ.ಎಂ. ಪ್ಲೈವುಡ್, ಕೆಳಗೆ ಚೌಕಟ್ಟು, ನಾಲ್ಕು ಕಾಲು. ಒಬ್ಬೊಬ್ಬರದು ಒಂದೊಂದು. ಎರಡು ತುದಿಯಲ್ಲಿ ರೈಲು ಸುತ್ತಿ ವಾಪಸ್ ಬರೋಕೆ ತಿರುವಿನ ಹಲಗೆಗಳು ಬೇರೆ. ಎಲ್ಲವನ್ನೂ ಬೋಲ್ಟ್ ಹಾಕಿ ಜೋಡಿಸಿದರೆ ಒಂದು ಘಾಟಿ ಆಗಬೇಕು.

ನಾವು ಮಾಡುತ್ತಿರೋದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ. ನಿಜವಾದ ದಾರಿ ಸುಮಾರು 55 ಕಿ.ಮೀ., 57 ಸುರಂಗ, 109 ಸೇತುವೆ. 87ರಿಂದ ಭಾಗಿಸಿದರೂ 632 ಮೀಟರ್ ಹಳಿ ಬೇಕು. ಅಷ್ಟು ಜಾಗ ಎಲ್ಲಿಂದ ತರೋಣ? ಹಾಗಾಗಿ ಯಡಕುಮರಿ ಸ್ಟೇಷನ್, ಅದರ ಆಸುಪಾಸಿನ ಎರಡು ಸುರಂಗ, ಒಂದು ಸೇತುವೆ, ಒಂದು ಗುಡ್ಡ ಕುಸಿದ ಜಾಗ, ಇಷ್ಟನ್ನೇ ಆರಿಸಿಕೊಂಡೆವು. ಸೇತುವೆ ಇರುವ ತಿರುವು ನನ್ನ ಪಾಲಿಗೆ ಬಂದಿದೆ. ನಾನು ಹಾಸನದವಳು. ಅಪ್ಪನ ಜೊತೆ ಆ ದಾರಿಯಲ್ಲಿ ಮಂಗಳೂರಿಗೆ ಹೋಗುವಾಗ ಬಾಗಿಲ ಪಕ್ಕ ಕೂತು ಸುರಂಗ ಎಣಿಸುತ್ತಿದ್ದೆ. ಒಂದು ಸಲವೂ 57 ಲೆಕ್ಕ ಸಿಕ್ಕಿಲ್ಲ, ಎಲ್ಲೋ ಒಂದು ಕಡೆ ಜಲಪಾತ ಕಂಡು ಎಣಿಕೆ ತಪ್ಪುತ್ತಿತ್ತು.

ಹಳಿಯ ವಿಷಯದ ಚರ್ಚೆ ಇವತ್ತು ಮುಗಿಯಿತು. ನಮ್ಮ ಬ್ರಾಡ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿ.ಮೀ. ಎಚ್‌ಒ ಅಂದರೆ ನಮ್ಮ 1:87 ಅಳತೆ, ಅದರಲ್ಲಿ ಇದು 19 ಮಿ.ಮೀ.ಗೂ ತುಸು ಹೆಚ್ಚಾಗುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಆ ಹಳಿಯ ಮೇಲೆ ನಿಂತ ನಮ್ಮ ಎಂಜಿನ್ ಎದುರಿನಿಂದ ನೋಡಿದರೆ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಮೇಷ್ಟ್ರು ಫಿಸಿಕ್ಸ್ ಪಾಠ ಹೇಳುವವರು, ಅವರಿಗೆ ಈ ಮೂರು ಮಿ.ಮೀ. ಸಹಿಸೋಕೆ ಆಗಲ್ಲ. ಕೈಯಿಂದಲೇ 19ರ ಹಳಿ ಹಾಕೋಣ ಅಂತ ಎರಡು ತಿಂಗಳು ವಾದ ಮಾಡಿದರು. ಹಾಗೆ ಮಾಡಿದರೆ ಪ್ರತಿ ಎಂಜಿನ್ನಿನ, ಪ್ರತಿ ವ್ಯಾಗನ್ನಿನ ಚಕ್ರ ಬದಲಿಸಬೇಕು. ಕೊನೆಗೆ ಅವರೇ, "ಮೊದಲು ಓಡಲಿ, ಆಮೇಲೆ ನೋಡೋಣ" ಅಂದರು. ನನಗೂ ಅದೇ ಸರಿ ಅನಿಸಿತು. ಆದರೆ ಅವರ ಆಸೆ ತಪ್ಪಲ್ಲ, ಯಾವತ್ತಾದರೂ ಒಂದು ಹಲಗೆಯನ್ನಾದರೂ ಹಾಗೆ ಮಾಡಬೇಕು.

ಏರು 50ಕ್ಕೆ 1, ನಿಜವಾದ ಘಾಟಿಯಲ್ಲಿ ಇರುವಷ್ಟೇ. ಒಂದು ಹಲಗೆಗೆ 24 ಮಿ.ಮೀ. ಏರುತ್ತದೆ. ನಡುವಿನ ಮೂರು ಹಲಗೆ ದಾಟುವಷ್ಟರಲ್ಲಿ 73 ಮಿ.ಮೀ. ಆಚಾರ್ರು ಆ ಲೆಕ್ಕಕ್ಕೆ ಕಾಲುಗಳನ್ನು ಕತ್ತರಿಸಿ, ಪ್ರತಿ ಕಾಲಿಗೂ ಪೆನ್ಸಿಲ್‌ನಲ್ಲಿ ನಂಬರ್ ಬರೆದು ಕೊಟ್ಟಿದ್ದಾರೆ. ಅವರು ಮೊದಲು ನಮ್ಮಲ್ಲಿಗೆ ಬಂದಿದ್ದು ಚೌಕಟ್ಟು ಮಾಡಿಕೊಟ್ಟು ಕೂಲಿ ತಗೊಂಡು ಹೋಗೋಕೆ. ಈಗ ಅವರದ್ದೇ ಒಂದು ಹಲಗೆ ಇದೆ.

ಜೂನ್ 29, ಭಾನುವಾರ

ಸುರಂಗದ ಬಾಯಿಗಳು ತಯಾರಾದವು. ಡಾಕ್ಟ್ರು ಹಲ್ಲಿನ ವೈದ್ಯರು. ಹಲ್ಲಿನ ಅಚ್ಚು ತೆಗೆಯುವ ಡೆಂಟಲ್ ಸ್ಟೋನ್ ಕಲಸಿ, ಸಿಲಿಕೋನ್ ಅಚ್ಚಿಗೆ ಹುಯ್ದು, ಮುಕ್ಕಾಲು ಗಂಟೆಗೆ ಒಂದರಂತೆ ನಾಲ್ಕು ಮಾಡಿದರು. ಸಾಮಾನ್ಯ ಪಿಒಪಿ ಅಂಚಿನಲ್ಲಿ ಉದುರುತ್ತಿತ್ತು. ಇದರಲ್ಲಿ ಕಲ್ಲುಕಲ್ಲಿನ ಸಂದು ಉಗುರಿಗೆ ಸಿಗುವಷ್ಟು ಚೊಕ್ಕಟವಾಗಿ ಬಂದಿದೆ. ಆಮೇಲೆ ತಿಳಿ ಕಪ್ಪು ಬಣ್ಣದ ನೀರು ಬಿಟ್ಟು, ಮೇಲ್ಭಾಗಕ್ಕೆ ಡೀಸೆಲ್ ಹೊಗೆಯ ಮಸಿ, ಕೆಳಗೆ ಪಾಚಿಯ ಹಸಿರು ಹಚ್ಚಿದೆವು.

ನೆಲಕ್ಕೆ ಚಹಾದ ಚರಟ. ಮನೆಮನೆಯಿಂದ ಡಬ್ಬಿಯಲ್ಲಿ ಬರುತ್ತದೆ. ಬಾಣಲೆಯಲ್ಲಿ ಹುರಿದು ತೇವ ಪೂರ್ತಿ ಆರಿಸಬೇಕು, ಇಲ್ಲದಿದ್ದರೆ ಬೂಷ್ಟು. ಕಾಡಿಗೆ ತೆಂಗಿನ ನಾರು, ಹಸಿರು ಬಣ್ಣ ಹಾಕಿದ ಮರದ ಹೊಟ್ಟು. ಬಿದಿರಿಗೆ ಹಂಚಿಕಡ್ಡಿ ಪೊರಕೆ. ಹಳಿಯ ಜಲ್ಲಿಗೆ ಎಂ-ಸ್ಯಾಂಡನ್ನು ಎರಡು ಜರಡಿಯಲ್ಲಿ ಸೋಸಿ, ನಡುವೆ ಉಳಿದದ್ದನ್ನು ಮಾತ್ರ ತಗೊಂಡೆವು.

ವೈರಿಂಗ್ ಪೂರ್ತಿ ತಮ್ಮನದು. ಎಂಜಿನಿಯರಿಂಗ್ ಓದುವ ಹುಡುಗ, ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳೆಲ್ಲ ಅವನಿಗೆ ಬಾಯಿಪಾಠ. ಒಂದೊಂದು ತುಂಡು ಹಳಿಗೂ ಕರೆಂಟ್ ಕೊಡುವ ಬೇರೆ ಫೀಡರ್ ವೈರ್ ಬೆಸುಗೆ ಹಾಕಿದ್ದಾನೆ. ಆಮೇಲೆ ಒಂದು ರೂಪಾಯಿ ನಾಣ್ಯ ತಗೊಂಡು ಅಡಿಗೊಂದು ಕಡೆ ಎರಡೂ ಹಳಿಗೆ ಅಡ್ಡ ಇಟ್ಟು ನೋಡಿದ. ಎಲ್ಲಿ ಇಟ್ಟರೂ ಡಿಸಿಸಿ ಪೆಟ್ಟಿಗೆ (ಹಳಿಯ ಮೂಲಕವೇ ಎಂಜಿನ್‌ಗೆ ಕರೆಂಟನ್ನೂ ಆದೇಶವನ್ನೂ ಕಳಿಸುವುದು) ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಆ ಜಾಗದಲ್ಲಿ ಕರೆಂಟ್ ಸರಿಯಾಗಿ ತಲುಪುತ್ತಿಲ್ಲ, ಮುಂದೆ ಶಾರ್ಟ್ ಆದ ದಿನ ಎಂಜಿನ್ನಿನೊಳಗೆ ಆ ಆದೇಶ ಓದುವ ಡಿಕೋಡರ್ ಸುಟ್ಟುಹೋಗುತ್ತದೆ. ನನ್ನ ಹಲಗೆಯಲ್ಲಿ ಒಂದೇ ಕಡೆ ತಪ್ಪು ಸಿಕ್ಕಿತು, ಸೇತುವೆ ದಾಟಿದ ಮೇಲೆ. ಅಲ್ಲೇ ಕೂತು ಸರಿ ಮಾಡಿಕೊಟ್ಟ.

ಜುಲೈ 13, ಭಾನುವಾರ

ಮಳೆ. ವಾರವಿಡೀ ಕೋಣೆಯ ಕಿಟಕಿ ಮುಚ್ಚಿಯೇ ಇತ್ತು, ತೇವ ಒಳಗೇ ಉಳಿದಿತ್ತು. ಹಲಗೆಗಳನ್ನು ಜೋಡಿಸಿದಾಗ ನನ್ನದರ ತುದಿ ಡಾಕ್ಟ್ರ ಹಲಗೆಗಿಂತ ಒಂದು ಮಿ.ಮೀ. ಮೇಲೆದ್ದಿತ್ತು. ಎಂಜಿನ್ ತೂಕಕ್ಕೆ ದಾಟಿತು, ಅದರ ಹಿಂದೆ ಬಂದ ವ್ಯಾಗನ್ ದಾಟಲಿಲ್ಲ. ಹತ್ತು ಸಲ ಓಡಿಸಿದರೆ ಆರು ಸಲ ಅದೇ ಜಾಗದಲ್ಲಿ ಬಿತ್ತು. ನಿಜವಾದ ಅಳತೆಗೆ ಗುಣಿಸಿದರೆ ಅದು 8.7 ಸೆಂ.ಮೀ. ಮೆಟ್ಟಿಲು.

ನನಗೆ ಬಹಳ ಬೇಜಾರಾಯಿತು. ಜಲ್ಲಿ ಅಂಟಿಸಿ, ಹಳಿಯಡಿಯ ಅಡ್ಡದಿಮ್ಮಿ, ಅಂದರೆ ಸ್ಲೀಪರ್‌ಗೆ ಬಣ್ಣ ಹಚ್ಚಿ ಮುಗಿಸಿದ ಜಾಗ ಅದು. ಆಚಾರ್ರು ಅಡಿಯಲ್ಲಿ ತೂರಿ ಟಾರ್ಚ್ ಹಿಡಿದು ನೋಡಿ, "ನಿಮ್ಮದೇನೂ ತಪ್ಪಿಲ್ಲಮ್ಮ, ಪ್ಲೈವುಡ್ ನೀರು ಕುಡಿದಿದೆ. ಅಡ್ಡಪಟ್ಟಿ ನಾನೇ ಒಂದು ಕಡಿಮೆ ಹಾಕಿದ್ದೆ" ಅಂದರು. ಡಾಕ್ಟ್ರು ಒಂದು ಮಾತೂ ಆಡದೆ ತಮ್ಮ ಹಲಗೆಯ ತುದಿಯ ಜಲ್ಲಿಯನ್ನೂ ಕೆರೆದು ತೆಗೆದರು. "ಸಂದು ಅಂದಮೇಲೆ ಇಬ್ಬರದೂ ಬಿಚ್ಚಬೇಕು, ನಿಮ್ಮದೊಂದನ್ನೇ ಬಿಚ್ಚಿದರೆ ಸರಿಹೋಗಲ್ಲ" ಅಂತ.

ಮಾಡಿದ ಕೆಲಸ ಇದು. ಅಡಿಗೆ ಹೊಸ ಅಡ್ಡಪಟ್ಟಿ. ಎರಡು ಚೌಕಟ್ಟಿಗೂ ಒಟ್ಟಿಗೆ ತೂತು ಕೊರೆದು ಹಿತ್ತಾಳೆ ಗೂಟ ಮತ್ತು ಬುಷ್. ಹಳಿಯ ಕೊನೆಗೆ ಪ್ಲಾಸ್ಟಿಕ್ ಸ್ಲೀಪರ್ ತೆಗೆದು, ತಾಮ್ರ ಹಾಕಿದ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಪಟ್ಟಿಯನ್ನು ಸ್ಕ್ರೂ ಮಾಡಿ, ಹಳಿಯನ್ನು ಅದಕ್ಕೇ ಬೆಸುಗೆ. ಹಲಗೆಗಳನ್ನು ಬೋಲ್ಟ್ ಹಾಕಿ ಬಿಗಿಮಾಡಿ, ಒಂದೇ ಉದ್ದದ ಹಳಿಯನ್ನು ಸಂದಿನ ಮೇಲೆ ಹಾಯಿಸಿ, ಕೊನೆಗೆ ತೆಳು ಗರಗಸದಲ್ಲಿ ನಡುವೆ ಕತ್ತರಿಸಿದೆವು. ಹಾಗಾಗಿ ಎರಡೂ ತುದಿ ಒಂದೇ ಹಳಿಯದು, ಹೊಂದದೆ ಬೇರೆ ದಾರಿಯೇ ಇಲ್ಲ. ರಾತ್ರಿ ಒಂಬತ್ತಕ್ಕೆ ಹದಿನೈದು ಸಲ ಓಡಿಸಿದೆವು. ಒಂದೂ ಬೀಳಲಿಲ್ಲ. ಮೇಷ್ಟ್ರ ಮನೆಯವರು ಬಿಸಿಬಿಸಿ ಅವಲಕ್ಕಿ ಒಗ್ಗರಣೆ ಕೊಟ್ಟರು. ತಟ್ಟೆ ಹಿಡಿದುಕೊಂಡೇ ಎಲ್ಲರೂ ಆ ಸಂದನ್ನು ನೋಡುತ್ತ ನಿಂತಿದ್ದೆವು.

ಜುಲೈ 27, ಭಾನುವಾರ

ಹೋದ ವರ್ಷ, 2024ರ ಜುಲೈ ಕೊನೆಯಲ್ಲಿ, ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಗುಡ್ಡ ಕುಸಿದು ರೈಲು ನಿಂತಿತ್ತು. ಆಚಾರ್ರು ಆ ಜಾಗವನ್ನೇ ತಮ್ಮ ಹಲಗೆಗೆ ಆರಿಸಿದ್ದಾರೆ. ತಂತಿ ಬಲೆಯೊಳಗೆ ಕಲ್ಲು ತುಂಬಿ ಕಟ್ಟುವ ಗೋಡೆಯನ್ನು ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯಲ್ಲಿ ಮಾಡಿದ್ದಾರೆ. ಬೆರಳ ಗೆಣ್ಣಿನಷ್ಟು ದೊಡ್ಡ ಪೆಟ್ಟಿಗೆಗಳು, ಒಂದೊಂದರ ಒಳಗೂ ಚಿಮಟದಲ್ಲಿ ಕಲ್ಲು ಜೋಡಿಸಿದ್ದಾರೆ. ಇಲ್ಲಿಯವರೆಗೆ ನೂರಾ ಹತ್ತು. ಚೆನ್ನಾಗಿದೆ ಅನ್ನೋದು ಸಣ್ಣ ಮಾತು.

ಆಗಸ್ಟ್ 10, ಭಾನುವಾರ

ಬ್ಯಾಂಕರ್ ದಿನ. ಇದನ್ನು ವಿವರವಾಗಿ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಘಾಟಿ ಹತ್ತುವ ಗೂಡ್ಸಿಗೆ ಹಿಂಬದಿಯಲ್ಲೂ ಎಂಜಿನ್ ಕೊಡುತ್ತಾರೆ, ಅದೇ ಬ್ಯಾಂಕರ್. ಅದಿಲ್ಲದ ಘಾಟಿ ಘಾಟಿಯೇ ಅಲ್ಲ. ನಮ್ಮ ಹತ್ತಿರ ಇರೋದು ಎರಡು ಡಬ್ಲ್ಯುಡಿಜಿ-4, ಗೂಡ್ಸ್ ಎಳೆಯುವ ಡೀಸೆಲ್ ಎಂಜಿನ್. ಮುಂದಿನದು ನನ್ನದು, ಹಿಂದಿನದು ಡಾಕ್ಟ್ರದು. ನಡುವೆ ಮೇಲ್ಭಾಗ ತೆರೆದಿರುವ 12 ಬಾಕ್ಸ್‌ಎನ್ ವ್ಯಾಗನ್, ಒಟ್ಟು ಒಂದೂವರೆ ಮೀಟರ್. ನಿಜವಾದ ರೇಕ್‌ನಂತೆ 58 ಹಾಕಿದರೆ ಏಳು ಮೀಟರ್ ದಾಟುತ್ತದೆ, ಅಷ್ಟು ಹಲಗೆಯೇ ನಮ್ಮಲ್ಲಿಲ್ಲ.

ಬೆಳಿಗ್ಗೆ ಓಡಿಸಿದಾಗ ನಡುವಿನ ವ್ಯಾಗನ್‌ಗಳು ನನ್ನ ತಿರುವಿನಲ್ಲಿ ಒಳಕ್ಕೆ ಮಗುಚಿದವು. ಎಂಜಿನ್‌ಗಳನ್ನು ಅದಲುಬದಲು ಮಾಡಿದರೆ ಹೊರಕ್ಕೆ ಉಬ್ಬಿ ಬಿದ್ದವು. ಮೇಷ್ಟ್ರು ವಿವರಿಸಿದರು: ಮುಂದಿನದು ಜೋರಾಗಿ, ಹಿಂದಿನದು ನಿಧಾನವಾಗಿ ಹೋದರೆ ಸಾಲು ದಾರದಂತೆ ಬಿಗಿದು ತಿರುವಿನ ಒಳಕ್ಕೆ ಎಳೆಯುತ್ತದೆ. ಹಿಂದಿನದು ಜೋರಾದರೆ ಸಾಲು ಒತ್ತಿಕೊಂಡು ಹೊರಕ್ಕೆ ಬಾಗುತ್ತದೆ. ತೂಗಿ ನೋಡಿದರೆ ಒಂದು ವ್ಯಾಗನ್ 62 ಗ್ರಾಂ. ಆ ಉದ್ದಕ್ಕೆ ಇರಬೇಕಾದ್ದು 97. ಎಲ್ಲಕ್ಕೂ ಕಬ್ಬಿಣದ ನಟ್ಟು ಅಂಟಿಸಿ, ಮೇಲೆ ಕಲ್ಲಿದ್ದಲ ಪುಡಿ ಹಾಕಿ ಮುಚ್ಚಿದೆವು.

ಅಷ್ಟಕ್ಕೇ ಸರಿಹೋಗಲಿಲ್ಲ. ಎರಡೂ ಎಂಜಿನ್ ಒಂದೇ ವೇಗದಲ್ಲಿ ಹೋಗಲೇಬೇಕು. ಘಾಟಿಯ ವೇಗ ಗಂಟೆಗೆ 30 ಕಿ.ಮೀ. ಅಂತ ಹಿಡಿದರೆ ನಮ್ಮ ಹಲಗೆಯ ಮೇಲೆ ಒಂದು ಮೀಟರ್ ಹೋಗೋಕೆ ಸುಮಾರು ಹತ್ತೂವರೆ ಸೆಕೆಂಡ್. ಸಿವಿ ಅಂದರೆ ಡಿಕೋಡರ್‌ನೊಳಗಿನ ನಂಬರ್ ಹಾಕಿದ ಸೆಟ್ಟಿಂಗ್. ಮೊದಲು ಸಿವಿ 3 ಮತ್ತು 4 ಅನ್ನು ತಮ್ಮ ಸೊನ್ನೆ ಮಾಡಿದ, ಎಂಜಿನ್ ತಡಮಾಡದೆ ವೇಗ ಹಿಡಿಯಲಿ ಅಂತ. ಆಮೇಲೆ ಸಿವಿ 2 ಹೊರಡುವ ಹಂತಕ್ಕೆ, ಸಿವಿ 6 ನಡುವಿನ ವೇಗಕ್ಕೆ, ಸಿವಿ 5 ಗರಿಷ್ಠಕ್ಕೆ. ಒಂದೊಂದು ಅಂಕಿ ಏರಿಸಿ ಇಳಿಸಿ, ಸ್ಟಾಪ್‌ವಾಚ್ ಹಿಡಿದು ಮಧ್ಯಾಹ್ನದವರೆಗೆ ಕೂತೆವು. ಬೇಗ ಓಡುವ ನನ್ನದನ್ನೇ ಡಾಕ್ಟ್ರ ಎಂಜಿನ್ನಿಗೆ ಹೊಂದಿಸಿದೆವು.

ಊಟ ಆದ ಮೇಲೆ ಡ್ರೈವರ್ ಸರ್ ಬಂದರು. ಅವರು ಪುತ್ತೂರಿನವರು, ಸಕಲೇಶಪುರದಲ್ಲಿದ್ದು ಘಾಟಿಯಲ್ಲೇ ಎಂಜಿನ್ ಓಡಿಸಿ ನಿವೃತ್ತರಾದವರು. ಮೊದಲು ಮೀಟರ್ ಗೇಜಿನ ವೈಡಿಎಂ-4, ಗೇಜ್ ಪರಿವರ್ತನೆ ಆಗಿ 2006ರಲ್ಲಿ ಗೂಡ್ಸ್ ಶುರುವಾದ ಮೇಲೆ ದೊಡ್ಡ ಎಂಜಿನ್. ಅವರ ಮನೆಯವರು ಪತ್ರೊಡೆ ಕಳಿಸಿದ್ದರು. ಸರ್ ಸ್ಟಾಪ್‌ವಾಚನ್ನು ನೋಡಲೇ ಇಲ್ಲ. ಹಲಗೆಯ ಮಟ್ಟಕ್ಕೆ ಬಗ್ಗಿ, ರೈಲಿನ ಜೊತೆ ನಿಧಾನವಾಗಿ ನಡೆದರು.

"ಬ್ಯಾಂಕರ್ ತಳ್ಳುದಲ್ಲ ಮಾರಾಯ್ತಿ, ಜೊತೆಗೆ ಹತ್ತುದು. ಕಪ್ಲಿಂಗ್ ನೋಡು. ಎಲ್ಲಿ ಬಿಗಿ ಉಂಟು, ಎಲ್ಲಿ ಸಡಿಲ ಉಂಟು?"

ವ್ಯಾಗನ್‌ಗಳನ್ನು ಜೋಡಿಸುವ ಕೊಕ್ಕೆಗಳನ್ನು ನೋಡಿದೆ. ಹತ್ತನೇ ವ್ಯಾಗನ್‌ವರೆಗೂ ಬಿಗಿ. ಕೊನೆಯ ಎರಡು ಮಾತ್ರ ಸಡಿಲ.

"ಅಂದ್ರೆ ಭಾರ ಎಲ್ಲ ಮುಂದಿನವನೇ ಎಳೀತಿದ್ದಾನೆ. ಇವನು ಸುಮ್ಮನೆ ಹಿಂದೆ ಬರ್ತಾ ಉಂಟು. ಸಡಿಲ ನಡುವಿಗೆ ಬರ್ಬೇಕು."

ಬ್ಯಾಂಕರ್‌ನ ಸಿವಿ 6 ಅನ್ನು ತಮ್ಮ ಎರಡು ಅಂಕಿ ಏರಿಸಿದ. ಸಡಿಲ ಎಂಟಕ್ಕೆ ಬಂತು. ಇನ್ನೊಂದು ಅಂಕಿ. ಈಗ ಆರು ಮತ್ತು ಏಳನೇ ವ್ಯಾಗನ್ ನಡುವಿನ ಕೊಕ್ಕೆ ಎಳೆಯದೆ, ಒತ್ತದೆ, ಸುಮ್ಮನೆ ಅಲುಗಾಡುತ್ತಿತ್ತು. ಅದರ ಮುಂದಿನದೆಲ್ಲ ಬಿಗಿ, ಹಿಂದಿನದೆಲ್ಲ ಒತ್ತಿಕೊಂಡಿತ್ತು. ಸರ್ ಆ ಕೊಕ್ಕೆಯ ಪಕ್ಕ ಬೆರಳು ಹಿಡಿದುಕೊಂಡೇ ಸೇತುವೆ, ನನ್ನ ತಿರುವು, ಡಾಕ್ಟ್ರ ಸುರಂಗದವರೆಗೆ ನಡೆದರು. ರೈಲು ಸುರಂಗದೊಳಗೆ ಹೋಯಿತು, ಕೊನೆಗೆ ಬ್ಯಾಂಕರ್ ಹೋಯಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಸರ್, "ಹಾಂ. ಈಗ ಸರಿ ಆಯ್ತು" ಅಂದರು.

ಅಂಕಿಗಳನ್ನು ಎರಡೂ ಎಂಜಿನ್ನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿದ್ದೇವೆ.

ಆಗಸ್ಟ್ 24, ಭಾನುವಾರ

ಹಳಿ ಪೂರ್ತಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆವು. ಚಕ್ರಗಳ ಒಳಅಂತರ ಗೇಜ್ ಹಿಡಿದು ನೋಡಿದೆವು, ಮೂರು ಜೋಡಿ ಸರಿಮಾಡಿದೆವು. ಹಲಗೆಗಳನ್ನು ಎರಡೆರಡರಂತೆ ಮುಖಾಮುಖಿ ಬಿಗಿದು ಹಳೇ ಬೆಡ್‌ಶೀಟ್ ಸುತ್ತಿ ಇಟ್ಟಿದ್ದೇವೆ. ಬೀದಿಯ ಗಣಪತಿ ಪೆಂಡಾಲ್ ಪಕ್ಕದ ಮನೆಯವರು ಕಾರ್ ಶೆಡ್ ಬಿಟ್ಟುಕೊಡುತ್ತಾರಂತೆ.

ಆಗಸ್ಟ್ 31, ಭಾನುವಾರ

ಗಣಪತಿಯ ಐದನೇ ದಿನ. ಬೆಳಿಗ್ಗೆ ಏಳಕ್ಕೆ ಹಲಗೆ ಇಳಿಸಿದೆವು, ಹತ್ತಕ್ಕೆ ರೈಲು ಓಡಿತು. ಶೆಡ್ಡಿನ ನೆಲ ಇಳಿಜಾರು, ಕಾಲಿನ ಕೆಳಗೆ ಆಚಾರ್ರು ರಟ್ಟಿನ ತುಂಡು ಕೊಟ್ಟು ಮಟ್ಟ ಮಾಡಿದರು. ತಿರುವಿನ ಹಲಗೆಯಲ್ಲಿ, ರೈಲು ಸುತ್ತಿ ಬರುವಾಗ ಹಳಿಯ ಕರೆಂಟನ್ನು ತಾನೇ ಅದಲುಬದಲು ಮಾಡುವ ಆಟೋ ರಿವರ್ಸರ್ ಒಮ್ಮೆ ಕೈಕೊಟ್ಟಿತು, ಸಡಿಲವಾದ ವೈರ್ ಅಷ್ಟೇ.

ಮಕ್ಕಳು ಸಾಲಾಗಿ ಸ್ಟೂಲ್ ಹತ್ತಿ ನೋಡಿದರು. ಹೆಚ್ಚು ಹೊತ್ತು ನಿಂತಿದ್ದು ಆಚಾರ್ರ ಕಲ್ಲಿನ ಗೋಡೆಯ ಮುಂದೆ. ಒಬ್ಬಳು ಪುಟ್ಟಿ ಸುರಂಗದ ಎರಡೂ ಬಾಯಿಗೆ ಓಡಾಡಿ, ಒಳಗೆ ಹೋದ ವ್ಯಾಗನ್ ಎಲ್ಲವೂ ಹೊರಗೆ ಬಂತಾ ಅಂತ ಪ್ರತಿ ಸಲವೂ ಎಣಿಸಿದಳು. ಹನ್ನೆರಡೂ ಬಂದವು. ರಾತ್ರಿ ಎಂಟರವರೆಗೆ ಹತ್ತು ಗಂಟೆ ಓಡಿಸಿದ್ದೇವೆ, ನಮ್ಮ ಸಂದಿನಲ್ಲಿ ಒಂದೇ ಒಂದು ವ್ಯಾಗನ್ ಬಿದ್ದಿಲ್ಲ. ಡಾಕ್ಟ್ರು, ನಾನು ಎರಡು ಸಲ ಕೈ ಕುಲುಕಿಕೊಂಡೆವು.

ಪೆಂಡಾಲಿನಲ್ಲಿ ಮಂಗಳಾರತಿ ಆಗಿ ಜನ ಕರಗಿದ ಮೇಲೆ ಡ್ರೈವರ್ ಸರ್ ನನ್ನ ತಿರುವಿನ ಹತ್ತಿರ ಬಂದು ನಿಂತರು. ಇಷ್ಟು ತಿಂಗಳಲ್ಲಿ ಅದು ಬೇಕು, ಇದು ಬೇಕು ಅಂತ ಅವರು ಒಮ್ಮೆಯೂ ಕೇಳಿದವರಲ್ಲ.

"ಇಲ್ಲಿ ಒಬ್ಬ ಬೇಕಿತ್ತು" ಅಂದರು. "ಮಳೆಗಾಲದ ಪೆಟ್ರೋಲ್‌ಮ್ಯಾನ್. ರಾತ್ರಿ ಗುಡ್ಡ ಜರಿದಿದೆಯಾ ನೋಡ್ಲಿಕ್ಕೆ ಹಳಿ ಮೇಲೇ ನಡೀತಾನೆ. ಅವನ ದೀಪ ಕಂಡ್ರೆ ನಮ್ಗೆ ಧೈರ್ಯ."

ಕೈಯಲ್ಲಿ ಏನೇನು ಇರುತ್ತದೆ ಅಂತ ಕೇಳಿದೆ. ದೀಪ, ಬಾವುಟ, ಡೆಟೊನೇಟರ್ (ಹಳಿ ಮೇಲಿಟ್ಟರೆ ಸಿಡಿದು ಡ್ರೈವರ್‌ಗೆ ಎಚ್ಚರಿಕೆ ಕೊಡುವ ಪಟಾಕಿ) ಡಬ್ಬಿ, ತಲೆ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ. ಎಲ್ಲವನ್ನೂ ಗಣಪತಿ ಚಂದಾ ರಸೀದಿಯ ಹಿಂದೆ ಬರೆದುಕೊಂಡೆ. 1:87ರಲ್ಲಿ ಆಳು ಎರಡು ಸೆಂ.ಮೀ. ಇರುತ್ತಾನೆ. ದೀಪಕ್ಕೆ ಅತಿ ಸಣ್ಣ ಎಲ್‌ಇಡಿ ಸಿಗುತ್ತದೆ, ವೈರನ್ನು ಕಾಲಿನೊಳಗಿಂದ ಇಳಿಸಬಹುದು ಅಂತ ತಮ್ಮ ಹೇಳುತ್ತಿದ್ದಾನೆ. ಸುರಂಗದ ಬಾಯಿಗೆ ಎರಡು ಇಂಚು ಈಚೆ, ಹಳಿಯ ಎಡಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇವೆ.