ಪ್ಯಾರಿಸ್‌ನಲ್ಲಿ ಒಬ್ಬ ವರದಿಗಾರನ ಜಾಡು ಹಿಡಿದು

ಕಾರ್ಡಿನಾಲ್ ಲೆಮ್ವಾನ್ ಮೆಟ್ರೋ ನಿಲ್ದಾಣದಿಂದ ಹೊರಬಂದು ಅದೇ ಹೆಸರಿನ ರಸ್ತೆಯಲ್ಲಿ ಏರು ಹತ್ತಿದರೆ 74ನೇ ನಂಬರಿನ ಕಟ್ಟಡ ಸಿಗುತ್ತದೆ. 1922ರ ಜನವರಿಯಿಂದ 1923ರ ಆಗಸ್ಟ್‌ವರೆಗೆ ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇ ಹೆಂಡತಿ ಹ್ಯಾಡ್ಲಿಯ ಜೊತೆ ಇಲ್ಲಿ ಮೂರನೇ ಮಹಡಿಯಲ್ಲಿದ್ದ ಎಂದು ಗೋಡೆಯ ಫಲಕ ಹೇಳುತ್ತದೆ. ಆಗ ಮನೆಯಲ್ಲಿ ಬಿಸಿನೀರಿರಲಿಲ್ಲ, ಶೌಚಾಲಯ ಮೆಟ್ಟಿಲ ಬಳಿ. ಕೆಳಗೆ ಅಕಾರ್ಡಿಯನ್ ಬಾರಿಸುವ ನೃತ್ಯಶಾಲೆ.

ಜನ ಇಲ್ಲಿ ನಿಂತು ಕಾದಂಬರಿಕಾರನನ್ನು ನೆನೆಯುತ್ತಾರೆ. ನನಗೆ ಬೇಕಿದ್ದವನು ವರದಿಗಾರ. ಯಾಕೆಂದರೆ ಆ ಜನವರಿಯಲ್ಲಿ ಈ ಮನೆ ಸೇರಿದ 22ರ ಹುಡುಗ ಇನ್ನೂ ಒಂದು ಪುಸ್ತಕವನ್ನೂ ಪ್ರಕಟಿಸಿರಲಿಲ್ಲ. ಅವನು ಕೆನಡಾದ ಟೊರಾಂಟೊ ಸ್ಟಾರ್ ಪತ್ರಿಕೆಯ ಪ್ರತಿನಿಧಿ, ಅಷ್ಟೇ. ತುರ್ತು ಸುದ್ದಿ ತಂತಿಯಲ್ಲಿ ಹೋಗುತ್ತಿತ್ತು, ಉಳಿದ ಲೇಖನಗಳು ಅಂಚೆಯಲ್ಲಿ. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಹಾಗಾಗಿ ಬೇಡದ ಪದವೆಲ್ಲ ಬಿದ್ದುಹೋಗಬೇಕಿತ್ತು.

ಹತ್ತಿರದಲ್ಲೇ ದೆಕಾರ್ತ್ ರಸ್ತೆಯ 39ನೇ ನಂಬರು. ಕವಿ ವೆರ್ಲೇನ್ 1896ರಲ್ಲಿ ತೀರಿಕೊಂಡ ಮನೆ. ಕಥೆ ಬರೆಯಲೆಂದೇ ಹೆಮಿಂಗ್ವೇ ಇಲ್ಲಿ ಬೇರೆ ಕೋಣೆ ಬಾಡಿಗೆಗೆ ಹಿಡಿದಿದ್ದ. ಪತ್ರಿಕೆ ಕೆಲಸದ ನಡುವೆ ತನ್ನ ಬರವಣಿಗೆಗೂ ಒಂದು ಜಾಗ ಬೇಕಲ್ವಾ?

ಅಲ್ಲಿಂದ ಲಕ್ಸೆಂಬರ್ಗ್ ಉದ್ಯಾನ ದಾಟಿ ಫ್ಲರ್ಯೂಸ್ ರಸ್ತೆಗೆ ನಡೆದೆ. 27ನೇ ನಂಬರಿನಲ್ಲಿ ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಮನೆ. ಪಿಕಾಸೋ, ಸೆಜಾನ್ ಚಿತ್ರಗಳು ಗೋಡೆ ತುಂಬಿದ್ದ ಆ ಮನೆಗೆ ಅವನು ಬಂದದ್ದು ಲೇಖಕ ಶೆರ್ವುಡ್ ಆಂಡರ್ಸನ್ ಕೊಟ್ಟ ಪರಿಚಯ ಪತ್ರ ಹಿಡಿದು. ಪತ್ರಿಕೆ ಕೆಲಸ ಬಿಟ್ಟುಬಿಡು, ಇಲ್ಲದಿದ್ದರೆ ನಿನ್ನ ಬರವಣಿಗೆ ಕೆಡುತ್ತದೆ ಎಂದು ಸ್ಟೈನ್ ಅವನಿಗೆ ಬುದ್ಧಿ ಹೇಳಿದಳು. ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬರೆಯುವವನಿಗೆ ಸಮಯ ಬೇಕು, ನಿಜ. ಆದರೆ ಬರೆಯಲು ವಿಷಯ ಕೊಟ್ಟದ್ದು ಆ ಕೆಲಸವೇ. 1922ರ ಏಪ್ರಿಲ್‌ನಲ್ಲಿ ಇಟಲಿಯ ಜಿನೋವಾದಲ್ಲಿ ನಡೆದ ಯುರೋಪಿನ ಆರ್ಥಿಕ ಸಮ್ಮೇಳನ, ಶರತ್ಕಾಲದಲ್ಲಿ ಗ್ರೀಕ್–ತುರ್ಕಿ ಯುದ್ಧದ ಕೊನೆಯ ದಿನಗಳು. ಆ ಎರಡು ದೇಶಗಳ ಗಡಿಯ ಥ್ರೇಸ್‌ನಿಂದ ಹೊರಟ ನಿರಾಶ್ರಿತರು ಮಳೆಯಲ್ಲಿ, ಕೆಸರಲ್ಲಿ, ಎತ್ತಿನ ಗಾಡಿಗಳ ಜೊತೆ ಮೈಲಿಗಟ್ಟಲೆ ಸಾಗುವುದನ್ನು ಅವನು ಕಣ್ಣಾರೆ ಕಂಡು ಬರೆದ. ಆ ವರದಿಯಲ್ಲಿ ಅಳುವಿಲ್ಲ, ಉಪದೇಶವಿಲ್ಲ. ಕಂಡದ್ದು ಮಾತ್ರ ಇದೆ. ಅದೇ ದೃಶ್ಯ ಮುಂದೆ ಅವನ ಕಥೆಗಳೊಳಗೂ ಬಂತು. ಪ್ಯಾರಿಸ್‌ನ ಕೆಫೆಗಳಲ್ಲಿ ಸುಮ್ನೆ ಕೂತವನಿಗೆ ಇದು ಸಿಗುತ್ತಿರಲಿಲ್ಲ.

ಓದಿಯೊಂ ರಸ್ತೆಯ 12ನೇ ನಂಬರಿನಲ್ಲಿ ಸಿಲ್ವಿಯಾ ಬೀಚ್‌ಳ ಶೇಕ್ಸ್‌ಪಿಯರ್ ಅಂಡ್ ಕಂಪನಿ ಎಂಬ ಪುಸ್ತಕದಂಗಡಿ ಇತ್ತು. ಜಾಯ್ಸ್‌ನ ಯುಲಿಸಿಸ್ ಕಾದಂಬರಿಯನ್ನು 1922ರಲ್ಲಿ ಪ್ರಕಟಿಸಿದವಳು ಅವಳೇ. ಗೋಡೆಯ ಫಲಕದಲ್ಲೂ ಅದೇ ವಿಷಯವಿದೆ. ಮೊದಲ ಸಲ ಬಂದಾಗ ಹೆಮಿಂಗ್ವೇ ಬಳಿ ಪುಸ್ತಕ ಎರವಲು ಪಡೆಯುವ ಚಂದಾ ಕಟ್ಟಲು ದುಡ್ಡಿರಲಿಲ್ಲ. ಆಮೇಲೆ ಕೊಡು ಎಂದು ಅವಳು ಪುಸ್ತಕಗಳನ್ನು ಕೊಟ್ಟು ಕಳಿಸಿದಳು. ಅಂಗಡಿ 1941ರಲ್ಲಿ ಮುಚ್ಚಿತು. ಈಗ ಸೀನ್ ನದಿಯ ಪಕ್ಕ ಪ್ರವಾಸಿಗರು ಸಾಲು ನಿಲ್ಲುವ ಶೇಕ್ಸ್‌ಪಿಯರ್ ಅಂಡ್ ಕಂಪನಿ ಬೇರೆ. ಅದನ್ನು 1951ರಲ್ಲಿ ಜಾರ್ಜ್ ವಿಟ್‌ಮನ್ ಶುರುಮಾಡಿದ. ಹಳೆಯ ಹೆಸರು ಅದಕ್ಕೆ ಬಂದದ್ದು ಆಮೇಲೆ.

ಕೊನೆಗೆ ಗಾರ್ ದ ಲಿಯೊಂ ರೈಲು ನಿಲ್ದಾಣ. 1922ರ ಡಿಸೆಂಬರ್‌ನಲ್ಲಿ ಹೆಮಿಂಗ್ವೇ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಶಾಂತಿ ಸಮ್ಮೇಳನದ ವರದಿ ಮಾಡುತ್ತಿದ್ದ. ಅಮೆರಿಕದ ಹಿರಿಯ ಪತ್ರಕರ್ತ ಲಿಂಕನ್ ಸ್ಟೆಫೆನ್ಸ್ ಅಲ್ಲಿದ್ದ. ಥ್ರೇಸ್ ವರದಿ ಓದಿ ಬೆರಗಾಗಿದ್ದ ಅವನು ಇನ್ನಷ್ಟು ಬರಹ ನೋಡಲು ಆಸೆಪಟ್ಟಿದ್ದ. ಹ್ಯಾಡ್ಲಿ ಮನೆಯಲ್ಲಿದ್ದ ಹಸ್ತಪ್ರತಿಗಳನ್ನು, ಕಾರ್ಬನ್ ಪ್ರತಿಗಳನ್ನೂ ಸೇರಿಸಿ, ಸೂಟ್‌ಕೇಸಿಗೆ ತುಂಬಿ ಲೊಸಾನ್ ರೈಲು ಹಿಡಿಯಲು ಇಲ್ಲಿಗೆ ಬಂದಳು. ಸೂಟ್‌ಕೇಸು ಕಳುವಾಯಿತು. ಮತ್ತೆಂದೂ ಸಿಗಲಿಲ್ಲ.

ಜನ ತುಂಬಿದ ಪ್ಲಾಟ್‌ಫಾರ್ಮ್ ಬಳಿ ನಿಂತಾಗ ನನಗೆ ಹ್ಯಾಡ್ಲಿಯ ಬಗ್ಗೆಯೇ ಜಾಸ್ತಿ ಮರುಕ ಹುಟ್ಟಿತು. ಗಂಡನಿಗೆ ಖುಷಿಯಾಗಲಿ ಎಂದು ಹೊತ್ತು ತಂದಿದ್ದಳು. ಅಳುತ್ತಾ ಲೊಸಾನ್ ತಲುಪಿದಳು. ಒಂದು ಕಥೆ ಸಂಪಾದಕರೊಬ್ಬರ ಬಳಿ ಇತ್ತು, ಇನ್ನೊಂದನ್ನು ಅಚ್ಚುಹಾಕುವಂಥದ್ದಲ್ಲ ಎಂದು ಸ್ಟೈನ್ ಹೇಳಿದ್ದರಿಂದ ಅವನು ಬೇರೆ ಕಡೆ ಇಟ್ಟಿದ್ದ. ಕಥೆಗಳಲ್ಲಿ ಉಳಿದದ್ದು ಈ ಎರಡೇ. ಪತ್ರಿಕೆಗೆ ಕಳಿಸಿದ ವರದಿಗಳಿಗೆ ಮಾತ್ರ ಏನೂ ಆಗಲಿಲ್ಲ. ಅವು ಆಗಲೇ ಟೊರಾಂಟೊದಲ್ಲಿ ಅಚ್ಚಾಗಿದ್ದವು. ಅವನ ಮೊದಲ ಪ್ಯಾರಿಸ್ ವರ್ಷದ ಬರವಣಿಗೆಯನ್ನು ಓದಬೇಕೆಂದರೆ ಇವತ್ತು ನಮಗೆ ಹೆಚ್ಚಾಗಿ ಸಿಗುವುದು ಅವೇ.